ಕಿಂಡಿ

ಎರಡು ಪಿಕ್ಚರು. ಒಂದೊಂದು ಹನ್ನೊಂದು ವಾರ,
ದಿನಕ್ಕೆ ನಾಲ್ಕು ಆಟ.
ಆ ಕಥೆಯನ್ನು ಮಾಗಡಿ ರೋಡಿಗೆಲ್ಲ ತೋರಿಸಿದವನು ನಾನು.
ಆದರೂ ಕಥೆ ಏನೆಂದರೆ ನನಗೆ ಗೊತ್ತಿದ್ದದ್ದು ಇಷ್ಟೇ:
ಎತ್ತರದ ಒಬ್ಬ ರಾಜ, ಉಪ್ಪಿನ ಕೋಟೆ,
ರೆಕ್ಕೆಯ ಹಾವೊಂದು ಐದನೇ ರೀಲಿನಲ್ಲಿ ಏಳುತ್ತದೆ,
ಹನ್ನೆರಡರಲ್ಲಿ ಬೀಳುತ್ತದೆ.

ಪ್ರೊಜೆಕ್ಟರ್ ರೂಮಿನ ಸ್ಪೀಕರು ಕೆಟ್ಟು ಕೂತಿತ್ತು,
ಮಾಲೀಕರು ರಿಪೇರಿ ಮಾಡಿಸಲಿಲ್ಲ.
ಯಂತ್ರದ ಕಟಕಟ, ಫ್ಯಾನಿನ ಗುರ್ರು,
ಅಂಗೈಯಗಲದ ಗಾಜಿನ ಕಿಂಡಿಯಾಚೆ
ತುಟಿ ಆಡಿಸುವ ಬಣ್ಣದ ಜನ.
ಮೂರನೇ ಆಟ ತಡವಾದರೆ
ಒಂಬತ್ತನೇ ರೀಲು ಬಿಟ್ಟು ಓಡಿಸು ಅನ್ನುವರು.
ಓಡಿಸುತ್ತಿದ್ದೆ.
ಹುಡುಗನಾಗಿ ಕುದುರೆ ಹತ್ತಿದ ರಾಜ
ನೇರ ಮುದುಕನಾಗಿ ಇಳಿಯುತ್ತಿದ್ದ.
ಯಾರೂ ಕೇಳಲಿಲ್ಲ.

ಈಗ ಟಾಕೀಸಿಲ್ಲ. ಎಸ್.ಪಿ. ರೋಡಿನಲ್ಲಿ
ಐದು ಮಹಡಿಯ ಬಿಡಿಭಾಗದ ಅಂಗಡಿಗಳಿಗೆ
ನಾನು ಲಿಫ್ಟಿನವನು.
ಒಂದು ಭಾನುವಾರ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ
ಅದೇ ಕಥೆ ಸಿಕ್ಕಿತು, ನಾಲ್ಕು ಸಂಪುಟದ್ದು,
ಕನ್ನಡಕ್ಕೆ ಯಾರೋ ತಂದದ್ದು.
ಒಂದಕ್ಕೆ ಗೆದ್ದಲು, ಒಂದರಲ್ಲಿ ಯಾರದೋ ಬಸ್ ಪಾಸು.
"ಮೂರನೇದಿಲ್ಲ," ಎಂದ ವಸೀಂ, ದಾರ ಕಟ್ಟುತ್ತ,
"ಪಿಕ್ಚರಲ್ಲಿ ನೋಡ್ಕೊಳ್ಳಿ.
ನೋಡಿದೀನಿ ಅಂತೀರಾ? ಮತ್ತೆ ಯಾಕೆ ಓದೋದು?
ಅದೇ ದುಡ್ಡಲ್ಲಿ ಬೆಣ್ಣೆ ದೋಸೆ ತಿನ್ನಿ."
ದೋಸೆ ತಿಂದೆ. ಪುಸ್ತಕವನ್ನೂ ತಂದೆ.

ಮೊದಲ ನಲವತ್ತು ಪುಟ ಹಿಂಸೆ.
ರಾಜ ಎಂದು ಓದಿದರೆ ಆ ನಟನದೇ ಮೂಗು,
ಅದೇ ಬೆವರದ ಹಣೆ.
ಪುಸ್ತಕ ಹೇಳುತ್ತದೆ: ಅವನು ಗಿಡ್ಡ, ತೊದಲ,
ಮುಂದಿನ ಹಲ್ಲೊಂದಿಲ್ಲ.
ಗೋಡೆಯಗಲದ ಮುಖವನ್ನು ಒಂದು ಸಾಲು ಅಳಿಸುತ್ತದೆಯೇ?
ಅಳಿಸಲಿಲ್ಲ.
ಇವತ್ತಿಗೂ ಆ ಎತ್ತರದವನೇ ತೊದಲುತ್ತಾನೆ,
ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ
ಮಾತು ಅವನ ಮೈಮೇಲೆ ನೇತಾಡುತ್ತದೆ.

ಆದರೆ ಹಾವು ಕೋಟೆಯ ಮೇಲೆ ಬಾಯಿ ತೆರೆದಾಗ
ನಾಲ್ಕನೇ ಮಹಡಿಯಿಂದ ಬೆಲ್ಲು.
ಬಸ್ ಪಾಸು ಇಟ್ಟು ಪುಟ ಮುಚ್ಚಿದೆ.
ಎರಡು ಮೂಟೆ ವೈರು, ಒಬ್ಬ ಸೇಟು, ಟೀ ಹುಡುಗ,
ಎಲ್ಲ ಇಳಿಸಿ ಮರಳಿ ತೆರೆದರೆ
ಬೆಂಕಿ ಇನ್ನೂ ಗಂಟಲಲ್ಲೇ ಇದೆ.
ಸೈನ್ಯಕ್ಕೆ ಸೈನ್ಯವೇ ಈಟಿ ಎತ್ತಿದ ಕೈ ಇಳಿಸದೆ
ನನಗಾಗಿ ಕಾದು ನಿಂತಿದೆ.
ರೀಲು ಅರೆಗಳಿಗೆ ತುಂಡಾದರೆ ಸೀಟಿ ಹೊಡೆದು
ನನ್ನ ಅಮ್ಮನನ್ನು ಬೈಯುತ್ತಿದ್ದ ಊರು ಇದು.

ಎರಡನೇ ಸಂಪುಟದ ಕೊನೆಗೆ ಒಬ್ಬಳು ಬರುತ್ತಾಳೆ,
ಸುರಂಗದ ಬಾಗಿಲಲ್ಲಿ ದೀಪದೆಣ್ಣೆ ಅಳೆದು ಮಾರುವವಳು.
ಪಿಕ್ಚರಿನಲ್ಲಿ ಅವಳಿಲ್ಲ.
ನಾನು ಬಿಟ್ಟ ರೀಲಿನಲ್ಲಿ ಇದ್ದಳೇನೋ ಎಂದು
ಒಂದು ರಾತ್ರಿ ನಿದ್ದೆ ಕೆಟ್ಟೆ. ಇರಲಿಲ್ಲ.
ರಾಜ ನಾಣ್ಯ ಕೊಡುತ್ತಾನೆ, ಅವಳು ಚಿಲ್ಲರೆ ಕೊಡುತ್ತಾಳೆ,
"ಕತ್ತಲಲ್ಲೇ ಎಣಿಸಿಕೋ" ಅನ್ನುತ್ತಾಳೆ.
ಅಷ್ಟೇ. ಮೂರು ಪುಟ.
ಯಾವ ನಟಿಯೂ ಹಚ್ಚಿಕೊಂಡಿರದ ಖಾಲಿ ಮುಖ.
ಕರೆಯದೆಯೇ ಫಿಲೋಮಿನಮ್ಮ ಬಂದು ಅಲ್ಲಿ ಕೂತಳು.

ನಮ್ಮ ಬುಕಿಂಗ್ ಕೌಂಟರಿನವಳು. ಇಪ್ಪತ್ತಾರು ವರ್ಷ
ಊರು ಕಂಡದ್ದು ಅವಳ ಕೈ ಮಾತ್ರ,
ಕಿಂಡಿಯೊಳಗಿಂದ ಎರಡು ಹಸಿರು ಬಳೆ, ಟಿಕೆಟು, ಚಿಲ್ಲರೆ.
ಮುಖ ಕಂಡವರು ನಾವು ಮೂರೋ ನಾಲ್ಕೋ ಜನ.
ಟಾಕೀಸು ಕೆಡವಿದ ಮೇಲೆ
ಎಲ್ಲಿ ಹೋದಳೆಂದು ನಾನು ಕೇಳಲಿಲ್ಲ.
ಆ ಮೂರು ಪುಟ ಏಳು ದಿನ ಓದಿದೆ.

ನಿನ್ನೆ ಹೆಲ್ಮೆಟ್ಟಿನ ಹುಡುಗನೊಬ್ಬ ಲಿಫ್ಟು ಹತ್ತಿ
ರಟ್ಟು ನೋಡಿ ನಕ್ಕ:
"ಅಂಕಲ್, ಇದು ಫೋನಲ್ಲೇ ಇದೆ,
ಒಂದೂವರೆ ಸ್ಪೀಡಿಗಿಟ್ಟರೆ ಎರಡೇ ಗಂಟೆ.
ಇಷ್ಟು ದಪ್ಪ ಓದ್ಲೇಬೇಕಾ?"
ಎಣ್ಣೆಯವಳ ವಿಷಯ ಹೇಳೋಣವೆನ್ನಿಸಿತು.
ನಾಲ್ಕು ಮಹಡಿ ಸಾಲದು.
"ಯಾವ ಫ್ಲೋರು?" ಎಂದೆ.

ಮೂರನೆಯದು ಸಿಕ್ಕಿದೆ, ಎತ್ತಿಟ್ಟಿದ್ದೇನೆ ಎಂದು
ವಸೀಂ ಹೇಳಿಕಳಿಸಿದ್ದಾನೆ.
ಅವಳು ಅದರಲ್ಲಿ ಸತ್ತಳೆಂದು
ನಾಲ್ಕನೆಯದರಲ್ಲಿ ಕುದುರೆಯವನೊಬ್ಬ ಅನ್ನುತ್ತಾನೆ,
ಹೇಗೆಂದು ಹೇಳುವುದಿಲ್ಲ.
ಎರಡು ಭಾನುವಾರ ಕಳೆಯಿತು, ಆ ಕಡೆ ಹೋಗಿಲ್ಲ.
ಒಂದು ರೀಲು ಬಿಟ್ಟು ಓಡಿಸುವುದು
ನನಗೇನು ಹೊಸದಲ್ಲ.