ಒಂದರ ಮೇಲೊಂದು ಚೀಟಿ

ಬಿ.ಎಂ. ರಸ್ತೆಯ ನಮ್ಮ ಅಂಗಡಿಯಲ್ಲಿ
ಬೆಲೆ ಹೇಳುವವರು ಧರಣೇಂದ್ರಣ್ಣ,
ಅವರಿಗೂ ಮೇಲೆ ಯಾವುದೋ ಕಂಪನಿ.
ನನ್ನದು ಬರೀ ಅಂಟಿಸುವ ಕೆಲಸ.

ಗೇಮ್ ಆಡುವ ಆ ಬಿಳಿ ಪೆಟ್ಟಿಗೆ
ಬಂದ ದಿನ ಐವತ್ತನಾಲ್ಕು ಸಾವಿರದ ಒಂಬೈನೂರ ತೊಂಬತ್ತು.
ಹತ್ತು ರೂಪಾಯಿ ಯಾಕೆ ಬಿಟ್ಟಿರಿ ಅಂದೆ.
"ಐವತ್ತೈದು ಅಂದರೆ ಬಾಗಿಲಲ್ಲೇ ತಿರುಗುತ್ತಾರೆ ಕಣಮ್ಮ,
ಐವತ್ತನಾಲ್ಕು ಚಿಲ್ಲರೆ ಅಂದರೆ
ಒಳಗೆ ಬಂದು ಫ್ಯಾನಿನ ಕೆಳಗಾದರೂ ನಿಲ್ಲುತ್ತಾರೆ."
(ನನ್ನ ಸಂಬಳ ಒಂಬತ್ತು ಸಾವಿರ.
ಅದರಲ್ಲೂ ಹತ್ತು ಬಿಟ್ಟೇ ಬರೆಯುತ್ತಾರೇನೋ ಅಂತ
ಪ್ರತಿ ತಿಂಗಳೂ ಎಣಿಸಿಕೊಳ್ಳುತ್ತೇನೆ.)

ಆ ಬೆಲೆಗೆ ಬಂದವರು ಇಬ್ಬರು.
ವಿದ್ಯಾನಗರದ ಡಾಕ್ಟರಮ್ಮ ಮಗನ ಹುಟ್ಟಿದಹಬ್ಬ ಅಂದರು,
ಬೆಲೆ ಕೇಳಲೇ ಇಲ್ಲ.
ಇನ್ನೊಬ್ಬ ಕೇಳಿದ, ಕೇಳಿ ನಕ್ಕ,
ಒಂದು ಇಯರ್‌ಫೋನ್ ಕೊಂಡು ಹೋದ.

ನಲವತ್ತೊಂಬತ್ತರ ಚೀಟಿ ಅದರ ಮೇಲೆಯೇ ಅಂಟಿಸಿದೆ.
ಪಾಲಿಟೆಕ್ನಿಕ್ಕಿನ ನಾಲ್ವರು ಹುಡುಗರು,
ತಲೆಗೆ ಹನ್ನೆರಡೂವರೆ,
ದುಡ್ಡು ಎಣಿಸಿಟ್ಟ ಮೇಲೆ ಜಗಳ:
ಪೆಟ್ಟಿಗೆ ಇರುವುದು ಯಾರ ರೂಮಿನಲ್ಲಿ?

ಪೆನ್ಷನ್ ಮೊಹಲ್ಲಾದ ತೌಸೀಫ, ಒಂಬತ್ತನೇ ಕ್ಲಾಸು,
ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ
ಡಿಸ್‌ಪ್ಲೇಗಿಟ್ಟ ಪೆಟ್ಟಿಗೆಯ ಮುಂದೆ.
"ನಲವತ್ತಕ್ಕೆ ಬಂದರೆ ಹೇಳಿ ಅಕ್ಕಾ."
ಬಂತು. ಹೇಳಿದೆ.
"ಮೂವತ್ತೈದಕ್ಕೆ ಬರುತ್ತೇನೋ, ನೋಡೋಣ."

ಆಲೂಗಡ್ಡೆ ಅಗ್ಗವಾದರೆ ಕಿಲೋ ಹೆಚ್ಚಿಗೆ ಒಯ್ಯುತ್ತಾರೆ.
ಇದು ಅಗ್ಗವಾದರೆ ಕಾಯುತ್ತಾರೆ.
ಒಂದು ಮೆಟ್ಟಿಲು ಇಳಿದದ್ದು ಕಂಡವರಿಗೆ
ಕೆಳಗೆ ಇನ್ನೊಂದಿದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹಾಸನಾಂಬೆ ಬಾಗಿಲು ತೆರೆದ ವಾರ
ಅಲ್ಲಿ ಧರ್ಮದ ಸಾಲು, ಮುನ್ನೂರರ ಸಾಲು, ಸಾವಿರದ ಸಾಲು.
ನಮ್ಮಲ್ಲಿ ಒಂದೇ, ಕಂತಿನ ಸಾಲು.
ತಿಂಗಳಿಗೆ ಸಾವಿರದ ಒಂಬೈನೂರು ಅಂತ ದಪ್ಪಗೆ ಬರೆದೆ,
ಎಷ್ಟು ತಿಂಗಳು ಅಂತ ಸಣ್ಣಗೆ.
ಮೂರು ದಿನಕ್ಕೆ ಹನ್ನೊಂದು ಖಾಲಿ.
ಸಣ್ಣಗೆ ಬರೆದದ್ದನ್ನು ಓದಿದ್ದು
ಒಬ್ಬ ಅಜ್ಜಿ ಮಾತ್ರ, ಕನ್ನಡಕ ಒರೆಸಿಕೊಂಡು.

ಉಳಿದದ್ದು ಡಿಸ್‌ಪ್ಲೇ ಪೀಸು.
ಹೊಸ ಮಾಡೆಲ್ ಬರುತ್ತದೆ ಅಂತ ಸುದ್ದಿಯಾದಾಗ
ಹತ್ತೊಂಬತ್ತು ಸಾವಿರ ಹಾಕಿದೆವು.
ಬಂದವರೆಲ್ಲ ತಿರುಗಿಸಿ ನೋಡಿದರು, "ಕೆಟ್ಟಿದೆಯಾ?"
ಧರಣೇಂದ್ರಣ್ಣ ಎಲೆಯಡಿಕೆ ಉಗಿದು ಬಂದು ಅಂದರು,
"ಎರಡು ಸಾವಿರ ಏರಿಸು. ಕೊನೆಯದು ಅಂತ ಬರಿ."

ದೀಪ ಹಚ್ಚುವ ಹೊತ್ತಿಗೆ ಹೋಯಿತು.
ಬಸ್ ಡಿಪೋದ ಮೆಕ್ಯಾನಿಕ್ ಈರಾಚಾರಿ.
ಮಗಳಿಗೆ ಅಂದರು.
ಗ್ರೀಸಿನ ಬೆರಳು ಪ್ಯಾಂಟಿಗೆ ಒರೆಸಿ
ಆ ರಿಮೋಟು ಹಿಡಿದದ್ದು ನೋಡಿದರೆ ಮಗಳಿಗಲ್ಲ.

ಹಳೇ ಬೆಲೆ ಕಾಣಬಾರದು ಅಂತ
ಉಗುರಿನಲ್ಲಿ ಎಬ್ಬಿಸಿದೆ. ಆರೂ ಚೀಟಿ ಒಟ್ಟಿಗೆ ಬಂದವು,
ಒಣಗಿದ ಹಪ್ಪಳದ ಹಾಗೆ.
ಯಾಕೋ ಬಸ್ ಪಾಸಿನ ಜೊತೆ ಇಟ್ಟುಕೊಂಡೆ.

ಶನಿವಾರ ತೌಸೀಫ ಬಂದ. ಮೀಸೆ ಚಿಗುರಿದೆ.
ಖಾಲಿ ಜಾಗ ನೋಡಿದ. "ಎಷ್ಟಕ್ಕೆ ಹೋಯ್ತು?"
ಹೇಳಿದೆ.
ಅವನ ಹತ್ತಿರ ಅಷ್ಟಿತ್ತು.
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಕೇಳಿದ,
"ಹೊಸದು ಎಷ್ಟು ಅಕ್ಕಾ?"

ನಾನಿನ್ನೂ ಅಂಟಿಸಿರಲಿಲ್ಲ.