ಗಂಟೆ ಲೆಕ್ಕದ ಟೈರು

ಮೆದೇಹಳ್ಳಿ ರಸ್ತೆಯ ತಿರುವಿನಲ್ಲಿ ನಮ್ಮ ಅಂಗಡಿ.
ಬೋರ್ಡಿನ ಮೇಲೆ ಅಪ್ಪನ ಹೆಸರು:
ಬುಡೇನ್ ಸಾಬ್, ಟೈರ್ ರೀಸೋಲಿಂಗ್.
ಬಫಿಂಗ್ ಮಷೀನು ಅವನ ಕಿವಿ ತಿಂದು ಏಳು ವರ್ಷ.
ಈಗ ಕೇಳಿಸಿಕೊಳ್ಳುವುದು ನನ್ನ ಕೆಲಸ.
ಲೆಕ್ಕದ ಪುಸ್ತಕದಿಂದ ಕಣ್ಣೆತ್ತದೆ ಹೇಳಬಲ್ಲೆ
ಬೈಪಾಸಿನಿಂದ ಇಳಿದು ಬರುತ್ತಿರುವುದು ಯಾವ ಟೈರು ಅಂತ.

ಲಾರಿಯ ಸಾದಾ ಟೈರು ಬರೀ ಉಸಿರಾಡುತ್ತದೆ.
ಗಣಿಯ ಟೈರು ಹಾಗಲ್ಲ,
ಫರ್ಲಾಂಗು ದೂರದಿಂದಲೇ ಹೂಂ... ಅನ್ನುತ್ತ ಬರುತ್ತದೆ,
ಗೋಡೆಗೆ ನೇತುಹಾಕಿದ ಪಾನಾಗಳು ಸಣ್ಣಗೆ ನಡುಗುತ್ತವೆ.
ದನಿ ದಪ್ಪಗಿದ್ದರೆ ಹೊಸದು.
ನಡುನಡುವೆ ತೊದಲಿದರೆ
ಹಲ್ಲು ಓರೆಯಾಗಿ ಸವೆದಿದೆ.

ಹಾಗೆ ತೊದಲುತ್ತ ಬಂತು ಚಿತ್ತಯ್ಯನ ಟಿಪ್ಪರು,
ಏಪ್ರಿಲ್ ಬಿಸಿಲಿನ ಎರಡೂವರೆಗೆ.
ಹಿಂದಿನ ಎಂಟೂ ಗಣಿಯ ಟೈರೇ.
ಹಿರೇಗುಂಟನೂರಿನ ಆಚೆ ಅದಿರು ಹೊತ್ತವು
ಈಗ ಎಂ-ಸ್ಯಾಂಡ್ ತುಂಬಿಕೊಂಡು
ದಿನಕ್ಕೆರಡು ಸಲ ದಾವಣಗೆರೆಗೆ ಹೋಗಿಬರುತ್ತವೆ.

"ನೋಡು ತಂಗಿ, ಮೂರು ವರ್ಸ ಕಲ್ಲ ಮ್ಯಾಲೆ ಓಡ್ಸಿದೀನಿ.
ಎಂಥಾ ಕಲ್ಲು! ಕುರಿ ತಲೆ ಗಾತ್ರದವು, ಕೊಡಲಿ ಬಾಯಿ ಇದ್ದಂಗೆ.
ಏನೂ ಆಗ್ಲಿಲ್ಲ ಇವಕ್ಕೆ.
ಈ ರಸ್ತೆ ನೋಡಿದ್ರೆ ಎಣ್ಣೆ ಸವರಿದಂಗೈತೆ,
ಇದರ ಮ್ಯಾಲೆ ಸವೀತಾವಲ್ಲ, ಏನು ರೋಗ?"

ಬೆಂಕಿಕಡ್ಡಿ ಇಳಿಸಿದೆ.
ಹೊಸತರಲ್ಲಿ ಅರ್ಧ ಕಡ್ಡಿ ಮುಳುಗುವ ಸಂದಿನಲ್ಲಿ
ಮದ್ದಿನ ತಲೆಯಷ್ಟೇ ಮರೆಯಾಯಿತು.
ಅಂಗೈ ಆಡಿಸಿದೆ:
ಮುಂದಕ್ಕೆ ಸವರಿದರೆ ಬೆಕ್ಕಿನ ಬೆನ್ನು
ಹಿಂದಕ್ಕೆ ಎಳೆದರೆ ಗರಗಸ.

ಕಲ್ಲು ಕೈಗೆ ಸಿಗುತ್ತದೆ ಚಿತ್ತಯ್ಯ.
ಹಲ್ಲು ಅದನ್ನು ಹಿಡಿಯುತ್ತದೆ, ಬಿಡುತ್ತದೆ, ಮುಂದಿನದು ಹಿಡಿಯುತ್ತದೆ.
ಟಾರಿನ ಮೇಲೆ ಹಿಡಿಯಲು ಏನಿದೆ?
ಹಿಡಿಯಲು ಏನೂ ಸಿಗದ ಹಲ್ಲು ಒದ್ದಾಡುತ್ತದೆ,
ಒದ್ದಾಡಿ ಕಾಯುತ್ತದೆ, ಕಾದು ಉದುರುತ್ತದೆ.
ಭರಮಸಾಗರದ ಹಾದಿಗುಂಟ ಜಾಲಿಗಿಡದ ಬುಡ
ಕಪ್ಪಗಾಗಿದೆಯಲ್ಲ, ನೋಡಿಲ್ಲವೇ,
ಅದರಲ್ಲಿ ನಿನ್ನದೂ ಒಂದು ಹಿಡಿ.

ಇದನ್ನೆಲ್ಲ ನಾನು ಹೇಳಲಿಲ್ಲ.
"ಗಾಳಿ ಎಷ್ಟು ಹಿಡಿಸಿದ್ದೆ?" ಅಂತ ಕೇಳಿ
ಪುಸ್ತಕ ತೆಗೆದೆ.
ಅಪ್ಪನ ಲೆಕ್ಕದಲ್ಲಿ ಗಣಿಯ ಟೈರಿಗೆ ಗಂಟೆ,
ರಸ್ತೆಯ ಟೈರಿಗೆ ಕಿಲೋಮೀಟರು.
ಎರಡೂ ಪುಟ ಒಂದಕ್ಕೊಂದು ಸೇರಿಸಬೇಡ ಅನ್ನುತ್ತಿದ್ದ.
ಚಿತ್ತಯ್ಯನ ಟೈರು ಎರಡರಲ್ಲೂ ಇತ್ತು:
ಗಣಿಯ ಮೂರು ವರ್ಷ ತಿಂದದ್ದು ಎರಡು ನೂಲು,
ಹೈವೇಯ ಮೂರು ತಿಂಗಳು ನಾಲ್ಕು.
ಉಳಿದಿರುವುದು ಒಂದು.

"ಎಷ್ಟು ದಿನ ಬರ್ತತೆ?"
"ಬಸವ ಜಯಂತಿಗೆ ಬೋಳು.
ಪಟ್ಟಿ ಟೈರಿನ ರಬ್ಬರು ಹಾಕಿಸ್ಕೊ, ವರ್ಷ ನಡೀತತೆ.
ಡೀಸೆಲ್ಲೂ ಉಳೀತತೆ."

ಅವನು ತಲೆಯ ಟವೆಲು ಬಿಚ್ಚಿ ಕೊಡವಿದ.
ಮತ್ತೆ ಸುತ್ತಿದ.
"ಬ್ಯಾಡ. ಅದೇ ಹಲ್ಲು ಕೂರ್ಸು."
ಯಾಕೆ ಅಂದೆ. ಗಣಿ ಮತ್ತೆ ತೆಗೆಯುತ್ತಾರೆ ಅಂದಾನು ಅಂದುಕೊಂಡೆ,
ಎಲ್ಲರೂ ಅದನ್ನೇ ಹೇಳುತ್ತಾರೆ.

"ರಾತ್ರಿ ಎರಡನೇ ಟ್ರಿಪ್ಪು.
ರಸ್ತೆ ತೊಟ್ಟಿಲು ತೂಗಿದಂಗೆ ತೂಗ್ತತೆ ತಂಗಿ.
ಈ ಸದ್ದು ಇಲ್ಲಾಂದ್ರೆ
ನನಗೆ ನಿದ್ದೆ ಬರ್ತತೆ."

ಅಪ್ಪ ಮಷೀನು ನಿಲ್ಲಿಸಿ ನಮ್ಮಿಬ್ಬರ ತುಟಿ ನೋಡುತ್ತಿದ್ದ.
ನಾನು ಬೆರಳು ತೋರಿಸಿದೆ:
ಮುಂದಿನ ಅಚ್ಚಿನ ನಾಲ್ಕಕ್ಕೆ ಪಟ್ಟಿ,
ಹಿಂದಿನ ನಾಲ್ಕಕ್ಕೆ ಹಲ್ಲು.
ಇದ್ಯಾವ ಕಸುಬು ಅನ್ನುವ ಹಾಗೆ ಮುಖ ಮಾಡಿದ,
ಆದರೂ ರಬ್ಬರು ಕೊಯ್ದ.

ಮೊನ್ನೆ ನಡುರಾತ್ರಿ ಪಾನಾಗಳು ನಡುಗಿದವು,
ಮೊದಲಿನ ಅರ್ಧದಷ್ಟು.
ಬೈಪಾಸಿನ ಏರಿನಲ್ಲಿ ಆ ದನಿ ಹತ್ತಿ
ಗಾಳಿಗಿರಣಿಗಳ ಕಡೆ ಕರಗುವ ತನಕ ಎದ್ದು ಕೂತಿದ್ದೆ.
ಪುಸ್ತಕ ತೆರೆದೆ.
ಯಾವ ಪುಟದಲ್ಲಿ ಬರೆಯಲಿ ತಿಳಿಯಲಿಲ್ಲ.
ತಾರೀಖು ಹಾಕಿ, ಹೆಸರಷ್ಟೇ ಬರೆದೆ.