ಅಳತೆ ಪುಸ್ತಕ

ಎದೆ ಮೂವತ್ತಾರು. ಸೊಂಟ ಇಪ್ಪತ್ತೆಂಟು.
ತೋಳು ಮೂವತ್ತಮೂರೂ ಮುಕ್ಕಾಲು.
ಬಲಭುಜ ಎಡದ್ದಕ್ಕಿಂತ ಅರ್ಧ ಇಂಚು ಕೆಳಗೆ.
ಹೆಸರು ಆರ್ಲೋ ಮೊರಾವೆಕ್, ಊರು ಟೊಲೀಡೊ.
ಪಾತ್ರ: ಎರಡನೇ ಅಂಕದಲ್ಲಿ ತಂತಿ ತರುವ ಹುಡುಗ.
ಐವತ್ತೊಂದನೇ ಇಸವಿ, ಅಕ್ಟೋಬರ್.
ಕೈಬರಹ ನನ್ನದೇ. ಪೆನ್ಸಿಲ್ ಮಾಸಿದೆ, ಓದಬಹುದು.

ನ್ಯೂಯಾರ್ಕಿನ ನಾಟಕಮಂದಿರದ ನೆಲಮಾಳಿಗೆ,
ಉಗಿಕೊಳವೆಯ ಗುಟುರು, ಇಸ್ತ್ರಿಯ ಕಮಟು.
ಕೈಯೆತ್ತಿ ನಿಂತಿದ್ದ, ಪೊಲೀಸರಿಗೆ ಸಿಕ್ಕವನ ಹಾಗೆ.
ಗುಂಡುಸೂಜಿ ಕಚ್ಚಿಕೊಂಡೇ ಕೇಳಿದೆ: ಭುಜ ಯಾಕೆ ಹೀಗೆ?
"ಗಾಜಿನ ಕಾರ್ಖಾನೆ, ಮಿಸೆಸ್ ಕಪೂಟೊ.
ಹದಿನಾಲ್ಕರಿಂದ ಇಪ್ಪತ್ತರವರೆಗೆ ಬಾಟಲಿ ಪೆಟ್ಟಿಗೆ ಹೊತ್ತೆ.
ಯಾವಾಗಲೂ ಬಲಕ್ಕೇ.
ಎಡಗಡೆ ಅಪ್ಪ ಬರುತ್ತಿದ್ದ, ಮಾತಾಡಬೇಕಿತ್ತು."

ಒಂದು ಹಿಡಿ ಹತ್ತಿ ಹಿಂಜಿ
ಅಸ್ತರಿನೊಳಗಿಟ್ಟು ಹೊಲಿದೆ.
ಕನ್ನಡಿಯಲ್ಲಿ ಹೊಸಬನೊಬ್ಬ ನಿಂತ, ಸಮ.

ಐವತ್ತನಾಲ್ಕು: ಎದೆ ಮೂವತ್ತೆಂಟು. ಮಾತು ಹನ್ನೊಂದು ಸಾಲು.
ಐವತ್ತಾರು: ಸೊಂಟ ಮೂವತ್ತು. ನಾಯಕನ ತಮ್ಮ.
ಪತ್ರಿಕೆಯವನೊಬ್ಬ ಬರೆದ:
"ತಕ್ಕಡಿಯ ಮುಳ್ಳಿನಂಥ ನಿಲುವು ಈ ಹುಡುಗನದು!"
ಕತ್ತರಿಸಿ ತಂದು ತೋರಿಸಿದ.
ಹತ್ತಿಗೆ ಬಂದ ಹೊಗಳಿಕೆ ಓದಿ
ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಆಮೇಲೆ ಪಶ್ಚಿಮದಿಂದ ಫೋನು.
ನನ್ನ ಪುಸ್ತಕದಲ್ಲಿ ಹದಿನೇಳು ವರ್ಷ ಅವನ ಹೆಸರಿಲ್ಲ.
ತೆರೆಯ ಮೇಲೆ ಕಂಡೆ,
ಮಂಗಳವಾರದ ಮ್ಯಾಟಿನಿಗಳಲ್ಲಿ, ಅರ್ಧ ಟಿಕೆಟಿಗೆ:
ಕುದುರೆ ಕಳ್ಳ, ಶೆರೀಫನ ಬಲಗೈ ಬಂಟ,
ಮೊದಲ ರೀಲಿಗೇ ಗುಂಡು ತಿನ್ನುವ ಬ್ಯಾಂಕು ಗುಮಾಸ್ತ.
ಎಷ್ಟು ಸಲ ಸತ್ತ ಪುಣ್ಯಾತ್ಮ!
ಮೆಟ್ಟಿಲಿಂದ ಉರುಳಿ, ಹೊಳೆಗೆ ಬಿದ್ದು,
ಒಮ್ಮೆ ಸೂಪಿನ ಬಟ್ಟಲಿಗೆ ಮುಖ ಕೊಟ್ಟು.
ಪಕ್ಕದವಳು ಕರವಸ್ತ್ರ ಹುಡುಕುವಾಗ
ನನ್ನ ಕಣ್ಣು ಅವನ ಕೋಟಿನ ಮೇಲೆ.
ಯಾರೋ ರಬ್ಬರ್ ತುರುಕಿದ್ದಾರೆ. ಒರಟು ಕೆಲಸ.
ಸತ್ತು ಬಿದ್ದಾಗಲೆಲ್ಲ ಕಾಲರಿನ ಕಡೆ ಸರಿಯುತ್ತಿತ್ತು.

ಮೂರು ಮದುವೆಯಂತೆ. ಒಂದು ಈಜುಕೊಳವಂತೆ.
ಅವೆಲ್ಲ ಟೇಪಿಗೆ ಸಿಗುವ ಸಂಗತಿಯಲ್ಲ.

ಎಪ್ಪತ್ತೈದು, ಮಾರ್ಚ್. ಎದೆ ನಲವತ್ತೆರಡು.
ಸೊಂಟ ಅದಕ್ಕೂ ಒಂದು ಹೆಚ್ಚು.
ಕೊಳವೆ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದ.
ಪಾತ್ರ: ನಿವೃತ್ತ ಅಂಚೆಯವನು.
ಅಭ್ಯಾಸಬಲದಿಂದ ಹತ್ತಿ ಹಿಂಜುತ್ತಿದ್ದೆ. ಕೈ ಹಿಡಿದ.
"ಬೇಡ. ಇವನು ಮೂವತ್ತು ವರ್ಷ ಚೀಲ ಹೊತ್ತವನು.
ಅವನಿಗಾಗಿ ನಾನು ಮೊದಲೇ ಹೊತ್ತಿಟ್ಟಿದ್ದೇನೆ."

ನಿರ್ದೇಶಕ, ಇನ್ನೂ ಮೀಸೆ ಬಲಿಯದವನು,
ದಡದಡ ಓಡಿ ಬಂದ: "ಕೋಟು ಒಂದು ಕಡೆ ಜೋತಿದೆ!"
ಕೋಟು ಸರಿಯಾಗಿದೆ ಎಂದೆ.

ಮೊದಲ ರಾತ್ರಿ ಪಕ್ಕದ ಪರದೆಯ ಸಂದಿನಿಂದ ನೋಡಿದೆ.
ರಂಗದ ಉದ್ದಕ್ಕೂ ನಡೆದ,
ಎಡಕ್ಕೆ ತುಸು ಕತ್ತು ತಿರುಗಿಸಿ,
ಎಡಗಡೆ ಒಂದಾಳು ಜಾಗ ಬಿಟ್ಟು.
ಜೊತೆಯ ನಟಿ ಆಮೇಲೆ ದೂರಿದಳು,
ಹತ್ತಿರ ನಿಲ್ಲಲು ಬಿಡುವುದೇ ಇಲ್ಲ ಈ ಮುದುಕ.

ಬಹುಮಾನ ಬರಲಿಲ್ಲ.
ನಾಲ್ಕು ತಿಂಗಳು ನಡೆದು ಬೇಸಗೆಗೆ ನಿಂತಿತು.
ಆಮೇಲೆ ಟಿವಿಯಲ್ಲಿ ಕಾಫಿಪುಡಿಯ ಅಜ್ಜ,
ರೇಡಿಯೊದಲ್ಲಿ ಬರೀ ಗಂಟಲು,
ನ್ಯೂಜೆರ್ಸಿಯ ಆಶ್ರಮವೊಂದರಲ್ಲಿ ಕಿಟಕಿ ಬದಿಯ ಮಂಚ.
ಕಾಗದ ಬರೆಯುತ್ತಿದ್ದ, ಕೊನೆಗೊಂದು ಸಾಲು ತಪ್ಪದೆ:
"ಎದೆ ಮೂವತ್ತೇಳು, ಇಳಿಯುತ್ತಿದೆ. ಬರೆದುಕೊಳ್ಳಿ."
ಬರೆದುಕೊಂಡೆ.

ಟೊಲೀಡೊದಲ್ಲಿ ಮಣ್ಣು.
ಪೆಟ್ಟಿಗೆಯಲ್ಲಿ ಮಲಗಿದ್ದ, ಎಂದಿನಂತೆ ಚೆನ್ನಾಗಿ ಸತ್ತು.
ಆದರೆ ಶವ ಸಿಂಗರಿಸುವವನು
ಬಲಭುಜಕ್ಕೆ ಏನೋ ತುಂಬಿ ಎಬ್ಬಿಸಿದ್ದ.
ನೋಡಿದವರೆಲ್ಲ ತಲೆದೂಗಿದರು, ಎಂಥ ನಿಲುವಿನ ಮನುಷ್ಯ!
ನಾನೇನೂ ಅನ್ನಲಿಲ್ಲ.
ಇನ್ನೊಬ್ಬರ ಕಸುಬಿಗೆ ಕೈ ಹಾಕಬಾರದು.

ಎಲ್ಲರೂ ಕಾಫಿಗೆ ಎದ್ದಾಗ ಕತ್ತರಿ ತೆಗೆದೆ.

ವಾಪಸು ರೈಲಿನಲ್ಲಿ ನನ್ನ ಕೈಚೀಲದೊಳಗೆ
ಒಂದು ಹಿಡಿ ಹತ್ತಿ.
ಅಗ್ಗದ ಮಾಲು.